ಸಾಫ್ ಮಾಡಿ ಕೊಡ್ರಿ

ಬ್ಯಾಟರಿ ಉಬ್ಬಿದರೆ ಒಂದು ಬಗೆಯ ಸಿಹಿ ವಾಸನೆ ಬರುತ್ತದೆ. ತೀರ ಹಣ್ಣಾದ ಪೇರಲದ ಪಕ್ಕದಲ್ಲಿ ಉಗುರುಬಣ್ಣದ ಶೀಶೆ ತೆರೆದಿಟ್ಟ ಹಾಗೆ. ಹೋದ ಭಾನುವಾರ ಚರ್ಚಿನಿಂದ ಬಂದು ಸೀರೆ ಬದಲಿಸಲೆಂದು ಅಲಮಾರಿ ತೆರೆದಾಗ ಆ ವಾಸನೆ ಬಂತು. ಬೀದರಿನ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್ ಆಗಿ ದುಡಿಯುತ್ತಿರುವವಳು ನಾನು. ವಾಸನೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯುವವರೆಗೆ ನನಗೆ ಸಮಾಧಾನವಿಲ್ಲ. ಕೆಳಗಿನ ಅರೆಯಲ್ಲಿದ್ದ ಎರಡು ಮೊಟ್ಟೆ ಟ್ರೇಗಳನ್ನು ಹೊರಗೆಳೆದು ಒಂದೊಂದೇ ಗುಳಿಗೆ ಮೂಗು ಹಚ್ಚಿ ನೋಡಿದೆ. ನೀವು ಬಾಗಿಲಲ್ಲಿ ನಿಂತಿದ್ದರೆ ನಕ್ಕುಬಿಡುತ್ತಿದ್ದಿರಿ: ಐವತ್ತು ದಾಟಿದ ಹೆಂಗಸು ಭಾನುವಾರದ ಸೀರೆಯಲ್ಲಿ ನೆಲದ ಮೇಲೆ ಕೂತು ಮೊಟ್ಟೆ ಟ್ರೇ ಮೂಸುತ್ತಿದ್ದಾಳೆ.

ಟ್ರೇಗಳಲ್ಲಿರುವುದು ಮೊಟ್ಟೆಯಲ್ಲ, ಹಾಡಿನ ಡಬ್ಬಿಗಳು. ಎಲ್ಲವೂ ಫೋನಿನಲ್ಲೇ ಬರುವ ಮೊದಲು ಜನ ಕೊರಳಿಗೆ ನೇತುಹಾಕಿಕೊಂಡು, ಕಿವಿಗೆ ವೈರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರಲ್ಲ, ಆ ಎಂಪಿ-ತ್ರೀ ಪ್ಲೇಯರುಗಳು. ನನ್ನಲ್ಲಿ ಮೂವತ್ನಾಲ್ಕು ಇವೆ. ಹೆಬ್ಬೆರಳಿನಷ್ಟು ಉದ್ದದ್ದು, ಬೆಂಕಿಪೆಟ್ಟಿಗೆಯಂಥದ್ದು, ಅಂಗಿಗೆ ಕಚ್ಚಿಸುವಂಥದ್ದು, ಒತ್ತಿದರೆ ನೀಲಿ ಬೆಳಕು ಬರುವಂಥದ್ದು. ಒಂದೊಂದಕ್ಕೂ ಮೊಟ್ಟೆಯ ಗುಳಿ ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ವಾರ್ಡಿನ ಆಯಾ ಒಮ್ಮೆ ಮನೆಗೆ ಬಂದವಳು ಇದನ್ನು ನೋಡಿ ಹೋದಳು. ಅಂದಿನಿಂದ ನನ್ನ ಮಾನ ಹೋಯಿತು. "ಸಿಸ್ಟರ್, ಎಷ್ಟು ಮೊಟ್ಟಿ ಆದುವು? ಕಾವಿಗಿ ನೀವೇ ಕೂಡ್ತೀರೋ, ಕೋಳಿ ತರ್ಬೇಕೋ?" ಎಂದು ಕೇಳದೆ ಅವಳ ಪಾಳಿ ಶುರುವಾಗುವುದಿಲ್ಲ.

ಮೊದಲನೆಯದನ್ನು ಕೊಂಡದ್ದು ಕ್ರಿಸ್‌ಮಸ್ ಗಾಯನದ ಅಭ್ಯಾಸಕ್ಕೆ. ನನ್ನದು ಎರಡನೆಯ ದನಿ, ಅಂದರೆ ಎಲ್ಲರೂ ಹಾಡುವ ರಾಗದ ಕೆಳಗೆ ಇನ್ನೊಂದು ರಾಗ ಹಿಡಿದು ನಡೆಯಬೇಕು. ಪಕ್ಕದವಳು ಜೋರಾಗಿ ಹಾಡಿದರೆ ನಾನು ಅವಳ ಜೊತೆ ಹೊರಟುಬಿಡುತ್ತಿದ್ದೆ. ಅದಕ್ಕೇ ನನ್ನ ಭಾಗವನ್ನಷ್ಟೇ ತುಂಬಿಸಿಕೊಂಡು, ಮನೆಯಿಂದ ಆಸ್ಪತ್ರೆಯವರೆಗೆ ಕೇಳುತ್ತ ನಡೆಯುತ್ತಿದ್ದೆ. ಎರಡನೆಯದು ಸಿಕ್ಕಿದ್ದು ನನ್ನ ತವರೂರು ಭಾಲ್ಕಿಯಲ್ಲಿ. ರೈಲ್ವೆ ಸ್ಟೇಷನ್ ದಾರಿಯಲ್ಲಿ ಗೋಣಿತಾಟು ಹಾಸಿ ಹಳೆಯ ಚಾರ್ಜರು, ರಿಮೋಟು ಮಾರುವ ಮುದುಕನೊಬ್ಬ ಕೂಡುತ್ತಿದ್ದ. ಅವನ ರಾಶಿಯಲ್ಲಿ ಒಂದು ಬಿದ್ದಿತ್ತು. ಮನೆಗೆ ತಂದು ಚಾರ್ಜ್ ಮಾಡಿದೆ. ಒಳಗೆ ಯಾರದೋ ಮದುವೆಯ ಬ್ಯಾಂಡಿನ ಸದ್ದು, ನಾಲ್ಕು ಮರಾಠಿ ಭಜನೆ, ಆಮೇಲೆ ಒಂದೇ ತೆಲುಗು ಹಾಡು ಹನ್ನೊಂದು ಸಲ. ಯಾರು ತುಂಬಿಸಿದ್ದರು? ಹನ್ನೊಂದು ಸಲ ಯಾಕೆ? ಆ ಪ್ರಶ್ನೆಯೇ ನನ್ನನ್ನು ಹಿಡಿಯಿತು. ಅಲ್ಲಿಂದ ಮುಂದೆ ಔರಾದ ಬಸ್‌ಸ್ಟ್ಯಾಂಡಾಗಲಿ, ಬೀದರಿನ ಗಲ್ಲಿಗಳಾಗಲಿ, ಹಳೆಯ ಸಾಮಾನಿನ ರಾಶಿ ಕಂಡರೆ ನನ್ನ ಕಾಲು ನಿಲ್ಲುತ್ತಿತ್ತು.

ನನ್ನದೊಂದು ನಿಯಮವಿತ್ತು. ಕೊಂಡ ಡಬ್ಬಿಗೆ ಏನನ್ನೂ ತುಂಬಿಸುವುದಿಲ್ಲ, ಅದರಿಂದ ಏನನ್ನೂ ಅಳಿಸುವುದಿಲ್ಲ, ಒಂದರೊಳಗಿನದನ್ನು ಇನ್ನೊಂದಕ್ಕೆ ಹಾಕುವುದಿಲ್ಲ. ಯಾರದು ಯಾರಲ್ಲಿತ್ತೋ ಅಲ್ಲೇ ಇರಲಿ. ಈ ನಿಯಮದ ಬಗ್ಗೆ ನನಗೆ ಹೆಮ್ಮೆಯಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಅರ್ಧ ಕಾರಣ ಆ ಹೆಮ್ಮೆಯೇ.

ಭಾನುವಾರ ಉಬ್ಬಿ ಕೂತಿದ್ದದ್ದು ಕೊನೆಯ ಗುಳಿಯ ಡಬ್ಬಿ, ಮಾಳಪ್ಪನವರದು.

ಮಾಳಪ್ಪ ಠಾಣಾ ಕುಶನೂರಿನ ಕುರಿಗಾರರು. ಏಳು ವರ್ಷದ ಹಿಂದೆ ಗಂಟಲಿನ ಗಡ್ಡೆ ತೋರಿಸಲು ಹೆಂಡತಿ ಸರುಬಾಯಿಯ ಜೊತೆ ನಮ್ಮ ವಾರ್ಡಿಗೆ ಬಂದಿದ್ದರು. ತುಂಡು ತೆಗೆದು ಪರೀಕ್ಷೆಗೆ ಕಳಿಸಿದೆವು. ವರದಿ ಒಳ್ಳೆಯದಿರಲಿಲ್ಲ. ಹೈದರಾಬಾದಿಗೆ ಹೋಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಬೇಕು, ಆಮೇಲೆ ಕೊರಳಿನ ತೂತಿನಿಂದ ಉಸಿರಾಟ, ಮಾತು ಬರುವುದಿಲ್ಲ ಎಂದು ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ನಾನು ಪಕ್ಕದಲ್ಲಿದ್ದೆ. ಬದುಕುತ್ತೇನೋ ಇಲ್ಲವೋ ಎಂದು ಮಾಳಪ್ಪ ಕೇಳಲಿಲ್ಲ. ಆಗಲೇ ಒಡೆದಿದ್ದ ದನಿಯಲ್ಲಿ ಅವರು ಕೇಳಿದ್ದು ಒಂದೇ: "ಮತ್ತ ಕುರಿ ಹ್ಯಾಂಗ ಕರೀಲಿರಿ?"

ಡಾಕ್ಟರು ನನ್ನ ಮುಖ ನೋಡಿದರು, ನಾನು ಫೈಲು ನೋಡಿದೆ.

ಮರುದಿನ ಅವರು ಹೊರಡುವವರಿದ್ದರು. ನಾನು ಬೆಳಿಗ್ಗೆ ಟ್ರೇಯಿಂದ ಒಂದು ಡಬ್ಬಿ ತೆಗೆದುಕೊಂಡು ಹೋದೆ. ಔರಾದದಲ್ಲಿ ಕೊಂಡದ್ದು. ಅದಕ್ಕೆ ದನಿ ಹಿಡಿಯುವ ಕೆಂಪು ಗುಂಡಿ ಇತ್ತು, ಬೆನ್ನಿಗೆ ಪುಟ್ಟ ಸ್ಪೀಕರಿತ್ತು. ಒಳಗೆ ಹಾಡೇನೂ ಇರಲಿಲ್ಲವಾದ್ದರಿಂದ ನಿಯಮ ಮುರಿದ ಹಾಗಾಗುವುದಿಲ್ಲ ಎಂದು ಲೆಕ್ಕ ಹಾಕಿಯೇ ಅದನ್ನು ಆರಿಸಿದ್ದೆ. ಮಂಚದ ಮೇಲೆ ಕೂತಿದ್ದ ಮಾಳಪ್ಪನವರ ಬಾಯಿಯ ಹತ್ತಿರ ಹಿಡಿದು, "ಕುರಿ ಕರೀರಿ, ಇದರಾಗ ಕೂಡ್ತದ," ಎಂದೆ.

ಅವರು ಸುತ್ತ ನೋಡಿದರು. "ಕುರಿ ಇಲ್ದ ಹ್ಯಾಂಗ ಕರ್ಯೋದ್ರಿ? ಎದುರಿಗಿ ಇರ್ಬೇಕಲ್ಲ."

"ಈ ಮಂಚದ ಮ್ಯಾಲ ಮಲಗ್ಯಾರಲ್ಲ, ಎಲ್ಲಾರ್ನೂ ಕುರಿ ಅಂತ ತಿಳ್ಕೋರಿ," ಎಂದಳು ಸರುಬಾಯಿ. ವಾರ್ಡು ನಕ್ಕಿತು. ಕಿವಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮುದುಕರೊಬ್ಬರು "ಬ್ಯಾ" ಎಂದು ಕೂಗಿ ಸೊಸೆಯಿಂದ ಬೈಸಿಕೊಂಡರು.

ಮಾಳಪ್ಪ ಕಣ್ಣು ಮುಚ್ಚಿ ಕರೆದರು. ನಾಲಿಗೆಯನ್ನು ಅದುರಿಸಿ, ಕೊನೆಗೆ ದನಿಯನ್ನು ಮೇಲಕ್ಕೆ ಎಸೆಯುವ ಒಂದು ಕೂಗು: ಮಂದೆ ಒಂದಾಗಲು. ನೀರಿಗೆ ಇಳಿಸಲು ಇನ್ನೊಂದು, ಗಿಡ್ಡದಾಗಿ. ದಾರಿ ತಿರುಗಿಸಲು ಒಂದು. ಹಿಂದೆ ಬಿದ್ದ ಮರಿಗೆ ಒಂದು, ಅದು ಮಾತ್ರ ಬಹಳ ಮೆತ್ತಗೆ. ಐದನೆಯದು ನಾಯಿಗೆ. ಒಂದೊಂದನ್ನೂ ಬೇರೆ ಬೇರೆ ಹಿಡಿದೆ. ಮುಗಿಯಿತು ಎನ್ನುವಾಗ ನನಗೇ ತೋಚಿ, "ಮನಿಯವರಿಗಿ ಏನಾರ ಹೇಳ್ರಿ," ಎಂದು ಮತ್ತೆ ಗುಂಡಿ ಒತ್ತಿದೆ.

ಅವರು ಸರುಬಾಯಿಯ ಬೆನ್ನನ್ನು ನೋಡಿದರು. ಅವರ ಊರ ಕಡೆ ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಮದುವೆಯ ದಿನ ಒಡಪು ಹಾಕಿ ಹೇಳಿದ ಹೆಸರು, ಆಮೇಲೆ ಬಾಯಿಗೆ ಬಂದಿರಲಾರದು. ಕೊನೆಗೆ, "ಏ," ಎಂದರು.

ಬಟ್ಟೆ ಗಂಟು ಕಟ್ಟುತ್ತಿದ್ದ ಸರುಬಾಯಿ ತಲೆಯೆತ್ತಿ, "ಏನ್ರಿ?" ಎಂದಳು.

"ಏನಿಲ್ಲ."

ಅಷ್ಟೇ. ಆರನೆಯದು ಅಷ್ಟೇ. ನಾನು ಗುಂಡಿ ಬಿಟ್ಟೆ, ಡಬ್ಬಿಯನ್ನು ಅವರ ಕೊರಳಿಗೆ ಹಾಕಿದೆ. ಸಂಗ್ರಹದಿಂದ ನಾನು ಯಾರಿಗಾದರೂ ಕೊಟ್ಟದ್ದು ಅದೊಂದೇ. ಆಗ ಮನೆಯಲ್ಲಿ ಇನ್ನೂ ಇಪ್ಪತ್ತೇಳು ಡಬ್ಬಿಗಳಿದ್ದವು. ಆ ಆರು ಕರೆಗಳ ಇನ್ನೊಂದು ಪ್ರತಿಯನ್ನು ಅವುಗಳಲ್ಲಿ ಒಂದಕ್ಕೆ ಹಾಕಿಟ್ಟುಕೊಳ್ಳಲು ಹತ್ತು ನಿಮಿಷ ಸಾಕಿತ್ತು. ಹಾಕಲಿಲ್ಲ. ಯಾರದು ಯಾರಲ್ಲಿತ್ತೋ ಅಲ್ಲೇ ಇರಲಿ.

ಆಪರೇಷನ್ ಆಯಿತು. ಮಾಳಪ್ಪ ಬದುಕಿ ಬಂದರು. ಡ್ರೆಸ್ಸಿಂಗಿಗೆ, ತಪಾಸಣೆಗೆ ನಮ್ಮಲ್ಲಿಗೇ ಬರುತ್ತಿದ್ದರು. ಕೊರಳಿನ ತೂತಿನ ಮೇಲೆ ಬಿಳಿ ಬಟ್ಟೆ, ಅದರ ಕೆಳಗೆ ನನ್ನ ಡಬ್ಬಿ. ಅದರ ದನಿ ಸಣ್ಣದಾಯಿತೆಂದು ಅಂಗೈಯಗಲದ ಒಂದು ಸ್ಪೀಕರು ಕೊಂಡು ವೈರು ಸಿಕ್ಕಿಸಿದ್ದರು. "ಕುರಿ ಬರ್ತಾವೇನ್ರಿ?" ಎಂದು ಕೇಳಿದರೆ ಮುಖ ಅರಳಿಸಿ ಎರಡೂ ಕೈಗಳನ್ನು ಎದೆಯ ಕಡೆ ಎಳೆದುಕೊಂಡು ತೋರಿಸುತ್ತಿದ್ದರು. ಸರುಬಾಯಿ ಬಾಯಿ ಹಾಕುತ್ತಿದ್ದಳು: "ಬರ್ತಾವ ಸಿಸ್ಟರಬಾಯಿ. ಬೈಗುಳ ಒಂದು ತುಂಬ್ಸಿಲ್ಲ ನೋಡ್ರಿ ಅದರಾಗ, ಅದಕ್ಕ ಮನಿ ತಣ್ಣಗ ಅದ." ನಾನು ಇದನ್ನು ಎಷ್ಟು ಜನರಿಗೆ ಹೇಳಿಕೊಂಡೆನೋ ಲೆಕ್ಕವಿಲ್ಲ. ಮೊಟ್ಟೆ ಎಂದು ನಕ್ಕ ಆಯಾಳಿಗಂತೂ ಎರಡು ಸಲ ಹೇಳಿದೆ.

ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ಸಲ ತಪಾಸಣೆಗೆ ಬಂದಾಗ ಮಾಳಪ್ಪ ಡಬ್ಬಿಯನ್ನು ನನ್ನ ಕೈಗಿಟ್ಟರು. ಗುಂಡಿಗಳ ಸಂದಿಯಲ್ಲಿ ಕುರಿಯ ಜಿಡ್ಡು, ಉಣ್ಣೆಯ ಎಳೆ. ಚಾರ್ಜರು ಸಿಕ್ಕಿಸುವ ತೂತಿನಲ್ಲಿ ಒಣಗಿದ ಎರೆಮಣ್ಣು. ಒತ್ತಿದರೆ ಒಮ್ಮೆ ನುಡಿಯುತ್ತಿತ್ತು, ಒಮ್ಮೆ ಇಲ್ಲ. "ಮುಂದಿನ ವಾರ ಒಯ್ತೇವ್ರಿ, ರಿಪೇರಿ ಮಾಡ್ಸಿ ಇಡ್ರಿ," ಎಂದಳು ಸರುಬಾಯಿ.

ಊರ ನಡುವಿನ ಹಳೆಯ ಗೋಪುರ ಚೌಬಾರದ ಹತ್ತಿರದ ಗಲ್ಲಿಯಲ್ಲಿ ಮಹಬೂಬ ಭಾಯಿಯದೊಂದು ಸಣ್ಣ ಅಂಗಡಿ. ರೇಡಿಯೋದಿಂದ ಶುರುಮಾಡಿ ಮೊಬೈಲಿನವರೆಗೆ ಬಂದ ಕೈ ಅದು. ನನ್ನ ಡಬ್ಬಿಗಳಿಗೆಲ್ಲ ಅವರೇ ಡಾಕ್ಟರು. ಆ ದಿನ ಪಾಳಿಗೆ ಹೊತ್ತಾಗಿತ್ತು. ಕಟ್ಟೆಯ ಕೆಳಗಿನಿಂದಲೇ ಡಬ್ಬಿ ಚಾಚಿ, "ಭಾಯಿ, ಇದನ್ನ ಚೆಂದಗೆ ಸಾಫ್ ಮಾಡಿ ಕೊಡ್ರಿ," ಎಂದೆ.

"ಪೂರಾ ಸಾಫ್ ಮಾಡ್ಲೆನ್ರಿ?"

"ಪೂರಾ ಮಾಡ್ರಿ. ಬಾಳ ಹೊಲಸಾಗ್ಯಾದ."

ಇಷ್ಟೇ ಮಾತು. ಇದನ್ನು ನಾನು ನೂರಾರು ಸಲ ಒಳಗೊಳಗೇ ಮತ್ತೆ ಆಡಿ ನೋಡಿದ್ದೇನೆ. ಒಂದಕ್ಷರ ಹೆಚ್ಚು ಕಡಿಮೆ ಇಲ್ಲ.

ನಮ್ಮ ವಾರ್ಡಿನಲ್ಲಿ ಸಾಫ್ ಎಂದರೆ ಗಾಯ ತೊಳೆಯುವುದು. ಕೀವು ತೆಗೆ, ಒರೆಸು, ಒಳಗಿನ ಹಸಿ ಚರ್ಮಕ್ಕೆ ಏಟಾಗದಂತೆ ನೋಡಿಕೊ. ದಿನಕ್ಕೆ ನಲವತ್ತು ಸಲ ಆಡುವ ಮಾತು. ಮಹಬೂಬ ಭಾಯಿಯ ಅಂಗಡಿಗೆ ಬರುವವರು ಹಳೆಯ ಮೊಬೈಲು ಕೊಂಡವರು, ಮಾರುವವರು. ಅವರೆಲ್ಲ ಕಟ್ಟೆಯ ಕೆಳಗೆ ನಿಂತು ಇದೇ ಮಾತನ್ನು ಆಡುತ್ತಾರೆ: ಸಾಫ್ ಮಾಡಿ ಕೊಡ್ರಿ. ಅಲ್ಲಿ ಅದರ ಅರ್ಥ, ಒಳಗಿರುವುದನ್ನೆಲ್ಲ ಅಳಿಸಿ ಕೊಡಿ. ಒಂದೇ ಊರು, ಒಂದೇ ಮಾತು. ಇಬ್ಬರೂ ನಮ್ಮ ನಮ್ಮ ಕಸುಬಿನಲ್ಲಿ ನಿಂತು ಕೇಳಿಸಿಕೊಂಡೆವು.

ಮೂರನೆಯ ದಿನ ಡಬ್ಬಿ ಹೊಸದರಂತೆ ಹೊಳೆಯುತ್ತಿತ್ತು. ಅಲ್ಲೇ ನಿಂತು ಗುಂಡಿ ಒತ್ತಿದೆ. ಯಾವುದೋ ಸಿನಿಮಾ ಹಾಡು. ಮುಂದಿನದೂ ಹಾಡು. ಅದರ ಮುಂದಿನದೂ.

"ಇದರಾಗ ಒಬ್ಬರ ದನಿ ಇತ್ತಲ್ಲ ಭಾಯಿ?"

ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರು ನಿಂತಿತು. "ನೀವು ಸಾಫ್ ಅಂದ್ರಿ. ನಾ ಪೂರಾ ಅಂತ ಕೇಳ್ದೆ..."

"ಕೇಳಿದ್ರಿ."

"ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಂತ ನಮ್ಮ ಅಮ್ಮಿ ಹೇಳ್ತಿದ್ಳು. ನೀವು ಹಾಡಿನ ಶೋಕಿಯವರು. ಅದಕ್ಕ ನಾನೇ ಪ್ರೀತಿಲೆ ಇನ್ನೂರು ಹಾಡು ತುಂಬ್ಸಿದೆ."

ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಹಿಡಿ ಸಕ್ಕರೆಯನ್ನೋ ನಾಲ್ಕು ಬದನೆಕಾಯಿಯನ್ನೋ ಹಾಕಿ ಕೊಡುತ್ತೇವಲ್ಲ, ಹಾಗೆ. ಬರಿದಾಗಿ ಬಿಟ್ಟಿದ್ದರೆ ಅಳಿಸಿದ್ದನ್ನು ಹುಡುಕಿ ತೆಗೆಯುವ ದಾರಿ ಇತ್ತಂತೆ. ಇನ್ನೂರು ಹಾಡು ಆ ಜಾಗದ ಮೇಲೆಯೇ ಕೂತುಬಿಟ್ಟಿದ್ದವು. ಮಹಬೂಬ ಭಾಯಿ ಎರಡು ದಿನ ಅಂಗಡಿಯ ಬೇರೆ ಕೆಲಸ ಬಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಸಿಕ್ಕಿದ್ದು ಒಂದು ಚೂರು, ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತಿನದು. ಅದು ದನಿಯೋ, ಗಾಳಿಯೋ, ವಾರ್ಡಿನ ಫ್ಯಾನೋ ಎಂದು ಹೇಳಲಾಗಲಿಲ್ಲ. ಹಿಂದಿರುಗಿಸುವಾಗ ಅವರು ನನ್ನ ಮುಖ ನೋಡಲಿಲ್ಲ. ತಪ್ಪು ನನ್ನದೆಂದು ಹೇಳಿದೆ. ಅವರು ತಮ್ಮದೆಂದರು. ಆ ಜಗಳದಲ್ಲಿ ಇಬ್ಬರಿಗೂ ನೆಮ್ಮದಿ ಸಿಗಲಿಲ್ಲ.

ಇನ್ನು ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು. ಮೊದಲು ಸುಳ್ಳು ಹೇಳುವ ತಯಾರಿ ಮಾಡಿದೆ. ಡಬ್ಬಿ ತಾನಾಗಿ ಸತ್ತುಹೋಯಿತು, ಏನೂ ಮಾಡಲಾಗಲಿಲ್ಲ ಎಂದು ಕನ್ನಡಿಯ ಮುಂದೆ ಹೇಳಿ ನೋಡಿದೆ. ರಿಪೇರಿ ಆಗಿಲ್ಲವೆಂದು ಅವರ ಊರಿಗೆ ಫೋನು ಮಾಡಿಸಿ ಎರಡು ವಾರ ಮುಂದೂಡಿದೆ. ಆಮೇಲೆ ಇನ್ನೂ ಕೆಟ್ಟ ಯೋಚನೆ ಬಂತು. ಭಾಲ್ಕಿಯ ಸಂತೆಗೆ ಕುರಿ ಮಾರಲು ಬರುವವರಿದ್ದಾರಲ್ಲ, ಅವರಲ್ಲಿ ದನಿ ಹೋಲುವವರೊಬ್ಬರನ್ನು ಹುಡುಕಿ ಕರೆಗಳನ್ನು ಮತ್ತೆ ತುಂಬಿಸಿದರೆ? ಕುರಿಗೇನು ತಿಳಿಯುತ್ತದೆ?

ಹೋದೆ. ಹೆಗಲ ಮೇಲೆ ಕಂಬಳಿ ಹಾಕಿದ್ದ ಒಬ್ಬ ಹಿರಿಯರ ಮುಂದೆ ಇನ್ನೊಂದು ಡಬ್ಬಿ ಹಿಡಿದು, ಎಲ್ಲ ಹೇಳಿ, ಕರೆಯಿರಿ ಎಂದೆ. ಅವರು ಡಬ್ಬಿಯನ್ನು ಮುಟ್ಟಲಿಲ್ಲ.

"ಯಾರ ಕುರಿಗಿರವ್ವಾ?"

"ಠಾಣಾ ಕುಶನೂರಿನವರೊಬ್ಬರಿದ್ದಾರ್ರಿ."

"ಅಂವನ ಕುರಿ ನನ್ನ ದನಿಗಿ ಬರಲ್ಲ ತಾಯಿ." ಕಂಬಳಿ ಸರಿ ಮಾಡಿಕೊಂಡು ಹೇಳಿದರು: "ಬಂದ್ರ ಅದಕ್ಕ ಕಳವು ಅಂತಾರ."

ನಾನು ಡಬ್ಬಿಯನ್ನು ಚೀಲದೊಳಗೆ ಹಾಕಿಕೊಂಡೆ. ಅಲ್ಲಿಯವರೆಗೆ ನಾನೊಂದು ತಪ್ಪು ಮಾಡಿದ್ದೆ. ಇನ್ನು ಮುಂದಿನದಕ್ಕೆ ಅವರು ಹೆಸರಿಟ್ಟಾಗಿತ್ತು. ಮರುದಿನವೇ ರಜೆ ಹಾಕಿ ಔರಾದಕ್ಕೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ಠಾಣಾ ಕುಶನೂರಿನಲ್ಲಿ ಇಳಿದೆ.

ಸೋಯಾ ಕೊಯ್ಲಾಗಿತ್ತು. ಕೂಳೆ ನಿಂತ ಹೊಲದಲ್ಲಿ ಮಂದೆ ಮೇಯುತ್ತಿತ್ತು. ತೊಗರಿ ಸಾಲಿನ ಬದುವಿನ ಮೇಲೆ ಮಾಳಪ್ಪ ಕೂತಿದ್ದರು, ಪಕ್ಕದಲ್ಲಿ ಸರುಬಾಯಿ ಬುತ್ತಿ ಬಿಚ್ಚುತ್ತಿದ್ದಳು. ನನ್ನನ್ನು ಕಂಡು ಎದ್ದು, ಡಬ್ಬಿಗಾಗಿ ಕೈ ಚಾಚಿದರು. ಕೊಟ್ಟೆ. ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. "ಮಾಳಪ್ಪನವರ, ಇದರಾಗ ನಿಮ್ಮ ದನಿ ಇಲ್ಲರಿ. ನನ್ನ ಮಾತಿನಿಂದ ಅಳಿಸಿ ಹೋಯ್ತು," ಎಂದಷ್ಟೇ ಹೇಳಿದೆ.

ಅವರಿಗೆ ಅರ್ಥವಾಗಲಿಲ್ಲವೋ, ನಂಬಿಕೆ ಬರಲಿಲ್ಲವೋ. ಗುಂಡಿ ಒತ್ತಿದರು. ಹಾಡು ಬಂತು. ಮತ್ತೆ ಒತ್ತಿದರು. ಹಾಡು. ಅವರು ಅವಸರ ಮಾಡಲಿಲ್ಲ. ಒಂದೊಂದನ್ನೂ ಸ್ವಲ್ಪ ಹೊತ್ತು ಕೇಳಿ, ತಲೆ ವಾರೆ ಮಾಡಿ, ಮುಂದಿನದಕ್ಕೆ ಹೋಗುತ್ತಿದ್ದರು, ಎಲ್ಲೋ ಹಿಂದೆ ಬಿದ್ದ ಮರಿಯೊಂದು ಈಗ ಬರಬಹುದು, ಇನ್ನೊಂದು ಗಳಿಗೆಗೆ ಬರಬಹುದು ಎಂಬಂತೆ. ಹತ್ತೋ ಹನ್ನೆರಡೋ ಹಾಡು ಆದವು. ಒಂದು ಕುರಿಯೂ ತಲೆಯೆತ್ತಲಿಲ್ಲ. ಆಮೇಲೆ ಅವರು ಡಬ್ಬಿಯನ್ನು ಸರುಬಾಯಿಯ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಮಂದೆಯ ಕಡೆ ನಡೆದರು. ಬೈಯಲಾದರೂ ಅವರಿಗೊಂದು ದನಿ ಇದ್ದಿದ್ದರೆ ಎಂದುಕೊಂಡೆ.

ಸರುಬಾಯಿ ಡಬ್ಬಿಯನ್ನು ಸೆರಗಿನಿಂದ ಒರೆಸಿದಳು, ಅದರ ಮೇಲೆ ಒರೆಸುವಂಥದ್ದು ಏನೂ ಇರದಿದ್ದರೂ.

"ಕುರಿದೇನೂ ಚಿಂತಿ ಇಲ್ಲರಿ ಸಿಸ್ಟರಬಾಯಿ. ಈ ಮೂರು ವಾರ ನಾನೇ ಕರ್ದೇನಿ. ಸೊಕ್ಕಿನಿಂದ ಬರ್ತಾವ, ತಡಾ ಮಾಡಿ ಬರ್ತಾವ, ಖರೆ ಬರ್ತಾವ. ನಾಯಿ ಅಂತೂ ರೊಟ್ಟಿ ಕಂಡ್ರ ಯಾರ ಹಿಂದರೆ ಹೋಗ್ತದ." ಮಂದೆಯ ಕಡೆ ಹೋಗುತ್ತಿದ್ದ ಗಂಡನನ್ನು ನೋಡಿದಳು. "ನಾ ಹ್ಯಾಂಗ ಬರ್ಲಿ?"

ಅವಳು ಡಬ್ಬಿಯನ್ನು ಅಂಗೈಯಲ್ಲಿ ತಿರುಗಿಸಿದಳು.

"ಊಟ ಬೇಕಂದ್ರ ಅದನ್ನ ಒತ್ತತಿದ್ರು. ನೀರು ಬೇಕಂದ್ರ ಒತ್ತತಿದ್ರು. ಸುಮ್ಮ ಕುಂತಾಗೂ ಒತ್ತತಿದ್ರು. ಏ ಅಂತಿತ್ತು. ನಾ ಕೆಲ್ಸ ಬಿಟ್ಟು ಏನ್ರಿ ಅನ್ನೂದ್ರಾಗ ಡಬ್ಬಿನೇ ಏನ್ರಿ ಅಂದು, ಡಬ್ಬಿನೇ ಏನಿಲ್ಲ ಅಂತಿತ್ತು. ಹಾಳಾಗ್ಲಿ ಇದು, ಇಬ್ಬರ ಮಾತೂ ಅದೇ ಆಡ್ತದ ಅಂತ ಬೈತಿದ್ದೆ." ನಗಲು ಹೋದಳು, ಆಗಲಿಲ್ಲ. "ಬೈಬಾರ್ದಿತ್ತು."

ಬಸ್ಸಿನವರೆಗೆ ಬಂದು ಡಬ್ಬಿಯನ್ನು ನನ್ನ ಚೀಲದೊಳಗೆ ಅವಳೇ ಹಾಕಿದಳು. "ನಿಮ್ಮ ಮೊಟ್ಟಿ ನೀವೇ ಇಟ್ಕೋರಿ," ಎಂದಳು. ಆಯಾ ಎಲ್ಲರಿಗೂ ಹೇಳಿದ್ದಾಳೆಂದು ಆಗ ತಿಳಿಯಿತು. ಅದರಲ್ಲಿ ಸಿಟ್ಟು ಎಷ್ಟಿತ್ತು, ಬೇರೇನು ಎಷ್ಟಿತ್ತು, ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಕ್ಷಮೆ ಎಂದು ಬರೆದರೆ ಸುಳ್ಳಾಗುತ್ತದೆ.

ಆ ಮೇಲೆ ನಾನು ಹೊಸ ಡಬ್ಬಿ ಕೊಂಡಿಲ್ಲ. ನಿಯಮವನ್ನು ಬಿಟ್ಟಿದ್ದೇನೆ. ಈ ಆಪರೇಷನ್ನಿಗೆ ಹೈದರಾಬಾದಿಗೆ ಹೊರಡುವವರು ನಮ್ಮ ವಾರ್ಡಿನಲ್ಲಿದ್ದರೆ ಹಿಂದಿನ ದಿನ ಅವರ ಪಕ್ಕ ಕೂಡುತ್ತೇನೆ, ಮಾತಾಡಿಸಿ ದನಿ ಹಿಡಿಯುತ್ತೇನೆ, ಮೂರು ಕಡೆ ಹಾಕಿಡುತ್ತೇನೆ. ಏನು ಆಡಬೇಕೆಂದು ಯಾರಿಗೂ ತೋಚುವುದಿಲ್ಲ. ತೋಚುವವರೆಗೆ ಕಾಯುತ್ತೇನೆ.

ಭಾನುವಾರ ಕಳೆದು ಮೂರನೆಯ ದಿನ ಮಾಳಪ್ಪನವರ ತಪಾಸಣೆ ಇತ್ತು. ಗಂಟಲು ಚೆನ್ನಾಗಿದೆ ಎಂದರು ಡಾಕ್ಟರು. ಮಾಳಪ್ಪ ಕುರಿ ಕಾಯುವ ಕೋಲು ಹಿಡಿದು ಹೊರಬಾಗಿಲಲ್ಲಿ ನಿಂತರು. ಸರುಬಾಯಿ ಔಷಧಿ ಚೀಟಿ ತೋರಿಸಲೆಂದು ಒಳಗೆ ಬಂದು, ನನ್ನ ಪಕ್ಕದ ಬೆಂಚಿನ ಮೇಲೆ ಕೂತು, ಈ ಸಲ ತೊಗರಿ ಹೂವು ಉದುರಿದ್ದನ್ನು ಹೇಳುತ್ತಿದ್ದಳು. ಹೊರರೋಗಿಗಳ ಸಾಲು, ಅಳುವ ಕೂಸು, ಹೆಸರು ಕೂಗುವ ಗುಮಾಸ್ತ, ಎಳೆಯುವ ಸ್ಟ್ರೆಚರು. ಪಕ್ಕದವರ ಮಾತೇ ಕೇಳಿಸದಷ್ಟು ಗದ್ದಲ. ಅದರ ನಡುವೆ ದೂರದ ಬಾಗಿಲಲ್ಲಿ ಕೋಲು ನೆಲಕ್ಕೆ ಎರಡು ಸಲ ಬಡಿಯಿತು. ಮೊದಲ ಬಡಿತ ಮೆತ್ತಗೆ, ಎರಡನೆಯದು ಇನ್ನೂ ಮೆತ್ತಗೆ, ನಡುವೆ ಒಂದು ಉಸಿರಿನಷ್ಟು ಬಿಡುವು.

ಸರುಬಾಯಿ ಆ ಕಡೆ ತಿರುಗಿ ನೋಡಲೂ ಇಲ್ಲ. ಮಾತನ್ನು ಅರ್ಧಕ್ಕೆ ಬಿಟ್ಟು ಗಂಟು ಎತ್ತಿಕೊಂಡು, "ಬಂದೆ, ಬಂದೆ. ಆಸ್ಪತ್ರಿ ನೆಲಾ ಒಡದು ಹಾಕ್ತೀರಿ," ಎಂದು ಗೊಣಗುತ್ತ ಎದ್ದಳು, ಜನರ ನಡುವೆ ದಾರಿ ಮಾಡಿಕೊಂಡು ಹೋದಳು.

ಆಕೆ ಎದ್ದಾಗ ನಾನೂ ಎದ್ದು ನಿಂತಿದ್ದೆ. ನನ್ನನ್ನು ಯಾರೂ ಕರೆದಿರಲಿಲ್ಲ.